ಬಸ್ಸಿಗೆ ಇಟ್ಟ ಹೆಸರು

ದೊಡ್ಡಪ್ಪನ ಮಗ ಕಾಂತೇಶ ಬೆನ್ನಿಗೆ ಎರಡನೇ ದಿಂಬು ಒತ್ತಿ ಕೈ ಬಿಟ್ಟದ್ದೇ ತಡ, ಅಪ್ಪನ ತಲೆ ಮತ್ತೆ ಮುಂದಕ್ಕೆ ವಾಲಿತು.

"ಹಣೆ ಮೇಲಿಂದ ಒಂದು ಬಟ್ಟೆ ತಗೊಂಡು ಹಿಂದಿನ ಕಿಟಕಿ ಸರಳಿಗೆ ಕಟ್ಟೋ" ಎಂದರು ದೊಡ್ಡಪ್ಪ. "ಬಿಗಿಯಾಗಿ. ಆಮೇಲೆ ಅದರ ಮೇಲೆ ವಿಭೂತಿ ಹಚ್ಚಿದ್ರೆ ಕಾಣಲ್ಲ."

ಮಂಗಳಾ ಅಡಿಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ನಿನ್ನೆ ಬೆಳಿಗ್ಗೆ ಆರೂಕಾಲಿಗೆ ಡ್ಯೂಟಿಗೆ ಹೊರಟ ಅಪ್ಪ ಚಪ್ಪಲಿ ಮೆಟ್ಟಲು ಬಗ್ಗಿದವನು ಹಾಗೇ ಹೊಸ್ತಿಲ ಮೇಲೆ ಕುಳಿತುಬಿಟ್ಟಿದ್ದ. "ಒಂಚೂರು ನೀರು ಕೊಡು" ಎಂದಿದ್ದ. ಅವಳು ನೀರು ತರುವಷ್ಟರಲ್ಲಿ ಅವನಿಗೆ ಅದು ಬೇಕಿರಲಿಲ್ಲ. ಈಗ ಅವನನ್ನು ಗೋಡೆಗೆ ಒರಗಿಸಿ, ಚಕ್ಕಳಮಕ್ಕಳ ಕೂರಿಸಿ, ಬಿಳಿ ಪಂಚೆ ಉಡಿಸಿದ್ದರು. ಅವಳಿಗೆ ಗೊತ್ತಿದ್ದ ಅಪ್ಪ ಹೀಗೆ ಸುಮ್ಮನೆ ಕೂರುವವನಲ್ಲ. ಇಪ್ಪತ್ತು ವರ್ಷ ಕಂಡಕ್ಟರ್ ಆಗಿದ್ದವನು, ಊಟಕ್ಕೆ ಕುಳಿತರೂ ಅರ್ಧ ಎದ್ದಂತೆಯೇ ಇರುತ್ತಿದ್ದ.

"ಮಣ್ಣು ಯಾರು ಹಾಕೋದು?" ಯಾರೋ ಕೇಳಿದರು.

"ನಮ್ಮ ಕಾಂತೇಶ ಹಾಕ್ತಾನೆ" ಎಂದರು ದೊಡ್ಡಪ್ಪ.

ಮೂಲೆಯಲ್ಲಿ ಕುಳಿತಿದ್ದ ಅಮ್ಮ ತಲೆ ಎತ್ತಿದಳು. "ಮಂಗಳಾ ಹಾಕ್ಲಿ ಭಾವ."

"ಹೆಣ್ಣು ಹುಡುಗಿ ಅನ್ನೋದು ಒಂದೇ ಆಗಿದ್ರೆ ನಾನು ಬೇಡ ಅಂತಿರಲಿಲ್ಲ ಗಂಗಾ. ಈಗಿನ ಕಾಲದಲ್ಲಿ ಅದೆಲ್ಲ ನಡೀತದೆ. ಆದ್ರೆ ಇದು ಮನೆತನದ..." ಅಷ್ಟರಲ್ಲಿ ದೊಡ್ಡಪ್ಪನ ಕಣ್ಣಿಗೆ ಬಾಗಿಲಲ್ಲಿದ್ದ ಮಂಗಳಾ ಬಿದ್ದಳು. ಅವರು ಕೆಮ್ಮಿ, ಹೊರಗೆ ಹೂವಿನವನು ಬಂದನೇ ನೋಡಲು ಎದ್ದು ಹೋದರು.

ಬೆಳಿಗ್ಗೆಯಿಂದ ಇದು ಮೂರನೆಯ ಸಲ. ಅವಳು ಲೆಕ್ಕ ಇಟ್ಟಿದ್ದಳು. ಬಾವಿಕಟ್ಟೆಯ ಹತ್ತಿರ ಹೆಂಗಸರು "ಪಾಪ, ಈಗ ಇದರ ಗತಿ" ಎನ್ನುತ್ತಿದ್ದವರು ಅವಳನ್ನು ಕಂಡು ಕೊಡಪಾನದ ಮಾತಿಗೆ ಹೊರಳಿದ್ದರು. ಎದುರುಮನೆ ಕಮಲಕ್ಕ "ಅವಳಿಗೆ ಗೊತ್ತಾ?" ಎಂದು ಅಮ್ಮನನ್ನು ಕೇಳಿದ್ದಳು. ಏನು ಗೊತ್ತಾ? ಹನ್ನೊಂದು ವರ್ಷದ ಹುಡುಗಿಗೆ ಅಪ್ಪ ಸತ್ತದ್ದು ಗೊತ್ತಿರುವುದಿಲ್ಲವೇ?

*

ಅವಳ ತರಗತಿಯಲ್ಲಿ ಇಬ್ಬರು ಶ್ವೇತ, ಮೂವರು ಮೇಘನ. ಸರ್ವಮಂಗಳಾ ಅವಳೊಬ್ಬಳೇ. ಹಾಜರಿ ಕೂಗುವಾಗ ಹುಡುಗರು ನಗುತ್ತಿದ್ದರು. ಒಂದು ದಿನ ಅಳುತ್ತಾ ಬಂದು, "ನನಗೆ ಯಾಕೆ ಅಜ್ಜಿಯರ ಹೆಸರಿಟ್ಟೆ?" ಎಂದು ಕೇಳಿದ್ದಳು.

"ಅಜ್ಜಿ ಹೆಸರೇ ಅದು. ನನ್ನ ಅವ್ವಂದು" ಎಂದಿದ್ದ ಅಪ್ಪ. ಆಮೇಲೆ ಅವಳನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಿ, ನಿಂತಿದ್ದ ಬಸ್ಸಿನ ನೆತ್ತಿ ತೋರಿಸಿದ್ದ. ಗಾಜಿನ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ 'ಸರ್ವಮಂಗಳಾ' ಎಂದು ಬರೆದಿತ್ತು. "ನೋಡು. ನಿನ್ನ ಹೆಸರು ಎಷ್ಟು ಚೆನ್ನಾಗಿದೆ ಅಂತ ನಮ್ಮ ಓನರ್ ಬಸ್ಸಿಗೂ ಅದನ್ನೇ ಇಟ್ಟಿದ್ದಾರೆ. ಯಾವ ಮೇಘನಂಗೆ ಬಸ್ ಇದೆ ಹೇಳು?"

ಅಂದಿನಿಂದ ಅವಳು ಶಾಲೆಯಲ್ಲಿ ತಲೆ ಎತ್ತಿ ನಡೆದಳು. ಆ ಬಸ್ಸು ದಿನಕ್ಕೆರಡು ಸಲ ನರಸಿಂಹರಾಜಪುರದಿಂದ ಹೊರಟು ಕೊಪ್ಪ, ಶೃಂಗೇರಿ ದಾಟಿ ನೆಮ್ಮಾರ್‌ವರೆಗೆ ಅವಳ ಹೆಸರು ಹೊತ್ತುಕೊಂಡು ಹೋಗಿಬರುತ್ತಿತ್ತು. ರಜೆಯಲ್ಲಿ ಅಪ್ಪ ಅವಳನ್ನೂ ಕರೆದೊಯ್ಯುತ್ತಿದ್ದ. ಡ್ರೈವರ್ ಅಸಾದುಲ್ಲಾನ ಎಡಗಡೆ, ಇಂಜಿನ್ ಪಕ್ಕದ ಸೀಟು ಅವಳದು. ದಾರಿಯ ಹೂವಿನವರು, ಹೋಟೆಲಿನವರು, ತಪಾಲು ಚೀಲ ತರುವವರು ಎಲ್ಲರಿಗೂ ಅವಳ ಗುರುತು. ಎಲ್ಲರೂ ಅವಳನ್ನು ಒಂದು ಕ್ಷಣ ಹೆಚ್ಚೇ ನೋಡುತ್ತಿದ್ದರು. ಬಸ್ಸಿನ ಹೆಸರಿನ ಹುಡುಗಿಯಲ್ಲವೇ, ನೋಡಲಿ ಎಂದುಕೊಳ್ಳುತ್ತಿದ್ದಳು.

ಒಂದೇ ಒಂದು ವಿಷಯ ಅವಳಿಗೆ ಹಿಡಿಸುತ್ತಿರಲಿಲ್ಲ. ಕೊಪ್ಪದ ಬಸ್ ಸ್ಟ್ಯಾಂಡ್ ಬಂತೆಂದರೆ ಅಪ್ಪ ಹೆಗಲ ಟವೆಲ್ ತೆಗೆದು ಅವಳ ತಲೆಯ ಮೇಲೆ ಹೊದಿಸಿಬಿಡುತ್ತಿದ್ದ. "ಧೂಳು ಮಗ" ಎನ್ನುತ್ತಿದ್ದ. ಮಳೆಗಾಲದಲ್ಲೂ ಧೂಳು ಎನ್ನುತ್ತಿದ್ದ.

*

ಬಸವಜ್ಜಿ ಅಪ್ಪನ ಸೋದರತ್ತೆ. ಬಾಳೆಹೊನ್ನೂರಿನಿಂದ ಬೆಳಗಿನ ಬಸ್ಸಿಗೇ ಬಂದು, ಅತ್ತು ಮುಗಿಸಿ, ಹಿತ್ತಲ ಜಗಲಿಯಲ್ಲಿ ಕಾಲು ನೀಡಿ ಕುಳಿತಿದ್ದಳು. ಮಂಗಳಾ ಅವಳ ಪಕ್ಕ ಹೋಗಿ ಕುಳಿತಳು.

"ಅಜ್ಜಿ, ಅಪ್ಪನ ಅವ್ವನ ಹೆಸರೆಂತ?"

"ನೀಲಮ್ಮ. ನನ್ನ ಅತ್ತಿಗೆ. ದೇವರಂಥವಳು ಕಣೆ, ಮಗನ ಸಾವು ನೋಡೋ ಮೊದಲೇ ಹೋದ್ಲು."

"ಸರ್ವಮಂಗಳಾ ಅಲ್ವಾ?"

"ಸರ್ವಮಂಗಳಾ? ನಮ್ಮ ವಂಶದಲ್ಲೇ ಯಾರಿಗೂ ಆ ಹೆಸರಿಲ್ಲ ಮಾರಾಯ್ತಿ. ಅದು ಆ ಬಸ್ಸಿಂದಲ್ವಾ, ನಿನ್ನನ್ನ..." ಅಜ್ಜಿಯ ಬಾಯಿ ಹಾಗೇ ತೆರೆದು ನಿಂತಿತು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ನನಗೆ ವಯಸ್ಸಾಯ್ತು. ಏನೇನೋ ಹೇಳ್ತೀನಿ. ಹೋಗು, ಅಮ್ಮನ ಹತ್ರ ಕೂತ್ಕ" ಎಂದಳು.

ನಾಲ್ಕನೆಯ ಸಲ.

ಮಂಗಳಾ ಅಮ್ಮನ ಹತ್ತಿರ ಹೋಗಲಿಲ್ಲ. ಬೀದಿ ಕಡೆಯಿಂದ ಬಸ್ಸಿನ ಸದ್ದು ಕೇಳಿತ್ತು. ಮಧ್ಯಾಹ್ನದ ಟ್ರಿಪ್ ನಿಲ್ಲಿಸಿ 'ಸರ್ವಮಂಗಳಾ'ವನ್ನು ಬೀದಿಯ ತುದಿಗೆ ತಂದು ನಿಲ್ಲಿಸಿದ್ದರು. ಕೊಪ್ಪದಿಂದ, ನಾರ್ವೆಯಿಂದ, ಶೃಂಗೇರಿಯಿಂದ ಮೂವತ್ತು ನಲವತ್ತು ಜನ ಇಳಿದರು. ದಿನಾ ಆ ಬಸ್ಸು ಹತ್ತುವವರು. ಅಸಾದುಲ್ಲಾ ಮಾತ್ರ ಒಳಗೆ ಹೋಗಿ ಕೈಮುಗಿದು, ಹೊರಗೆ ಬಂದು, ಬಸ್ಸಿನ ಮೆಟ್ಟಿಲ ಮೇಲೆ ಕುಳಿತಿದ್ದ. ಹದಿನೈದು ವರ್ಷ ಅಪ್ಪ ಹೊಡೆದ ಸೀಟಿಗೆ ಬ್ರೇಕ್ ಹಾಕಿದವನು. ಕಣ್ಣು ಕೆಂಪಾಗಿತ್ತು.

ಅವಳು ಅವನ ಎದುರು ಹೋಗಿ ನಿಂತಳು.

"ಮಾಮ, ನೀನು ಈ ಬಸ್ ಓಡಿಸೋಕೆ ಶುರು ಮಾಡಿ ಎಷ್ಟು ವರ್ಷ ಆಯ್ತು?"

"ತೊಂಬತ್ತೆರಡರಿಂದ ಮಗ. ಹದಿನೈದಾಯ್ತು."

"ಆವಾಗಲೂ ಇದೇ ಹೆಸರಾ?"

"ಮತ್ತಿನ್ನೇನು. ಓನರ್ ಮನೆದೇವರ ಹೆಸರು."

"ನನಗೆ ಹನ್ನೊಂದು" ಎಂದಳು ಮಂಗಳಾ.

ಅಸಾದುಲ್ಲಾ ಅವಳ ಮುಖ ನೋಡಿದ. ಅವಳು ತನ್ನನ್ನು ಎಲ್ಲಿಗೆ ತಂದು ನಿಲ್ಲಿಸಿದಳು ಎಂದು ಅವನಿಗೆ ಆಗ ತಿಳಿಯಿತು.

"ಬಸ್ಸಿಗೆ ನನ್ನ ಹೆಸರಿಟ್ಟಿಲ್ಲ. ನನಗೆ ಬಸ್ಸಿಂದು ಇಟ್ಟಿದ್ದು. ಯಾಕೆ?"

"ಅದೆಲ್ಲ ಇವತ್ತು ಬೇಡ ಮಗ."

"ನಾನು ಅಪ್ಪನ ಮಗಳಲ್ವಾ?"

"ಯಾರು ಹೇಳಿದ್ದು ಹಂಗೆ!" ಅವನ ದನಿ ಎಷ್ಟು ಜೋರಾಯಿತೆಂದರೆ ಗೇಟಿನ ಹತ್ತಿರದವರು ತಿರುಗಿ ನೋಡಿದರು. ಅವರಲ್ಲಿ ಯಾರೂ ಆಶ್ಚರ್ಯಪಡಲಿಲ್ಲ. ಎಲ್ಲರೂ ಒಟ್ಟಿಗೆ ಕಣ್ಣು ತಗ್ಗಿಸಿದರು. ಆಗ ಅವಳಿಗೆ ಗೊತ್ತಾಯಿತು: ಇವರಿಗೆಲ್ಲ ಗೊತ್ತು. ಹೂವಿನವಳಿಗೆ, ಹೋಟೆಲಿನವನಿಗೆ, ಎಲ್ಲರಿಗೂ. ಇಡೀ ದಾರಿಗೇ ಗೊತ್ತು. ಗೊತ್ತಿಲ್ಲದವಳು ಅವಳೊಬ್ಬಳೇ.

"ಹೇಳಿ ಅಸಾದಣ್ಣ."

ಅಮ್ಮ ಬಂದು ಅವಳ ಹಿಂದೆ ನಿಂತಿದ್ದಳು. ಕೂದಲು ಬಿಚ್ಚಿತ್ತು, ಕಣ್ಣು ಒಣಗಿತ್ತು. "ಗುಂಡಿ ಹತ್ರ ನಾಲ್ಕು ಜನರ ಬಾಯಲ್ಲಿ ಕೇಳೋದಕ್ಕಿಂತ ನಿಮ್ಮ ಬಾಯಲ್ಲಿ ಕೇಳಲಿ. ನನಗೆ ಹೇಳೋಕಾಗಲ್ಲ."

*

ತೊಂಬತ್ತಾರನೇ ಇಸವಿ, ಮಾಘ ಮಾಸ. ನೆಮ್ಮಾರ್‌ನಲ್ಲಿ ಬೆಳಗಿನ ಬಸ್ಸು ಹತ್ತಿದ ಒಬ್ಬ ಹೆಂಗಸಿನ ಕೈಯಲ್ಲಿ ನಾಲ್ಕೈದು ತಿಂಗಳ ಕೂಸಿತ್ತು. ಇಪ್ಪತ್ತರ ಒಳಗಿನ ವಯಸ್ಸು. ತೋಟದ ಕೆಲಸಕ್ಕೆ ಎಲ್ಲಿಂದಲೋ ಬಂದವಳಂತೆ ಕಾಣುತ್ತಿದ್ದಳು. ಕೊಪ್ಪಕ್ಕೆ ಟಿಕೆಟ್ ಕೊಂಡಳು. ಕೊಪ್ಪ ಬಂದಾಗ ಇಳಿಯುವವರೆಲ್ಲ ಇಳಿದ ಮೇಲೆ ಇಳಿದು, ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಸೋಮನಾಥನ ಕೈಗೆ ಕೂಸನ್ನು ಕೊಟ್ಟಳು. "ಅಣ್ಣ, ಒಂದ್ನಿಮಿಷ ಹಿಡ್ಕಳಿ, ಬಂದೆ."

ಸೋಮನಾಥ ಹಿಡಿದುಕೊಂಡ. ಕಂಡಕ್ಟರ್ ಕೈಗೆ ಜನ ಏನು ಕೊಡುವುದಿಲ್ಲ? ಬುಟ್ಟಿ, ಔಷಧಿ ಚೀಟಿ, ಮದುವೆ ಕಾಗದ. ಬಸ್ಸು ಹತ್ತು ನಿಮಿಷ ನಿಲ್ಲಬೇಕಿತ್ತು. ಮುಕ್ಕಾಲು ಗಂಟೆ ನಿಂತಿತು. ಪ್ರಯಾಣಿಕರು ಬೈದರು. ಅವನು ಕೂಸನ್ನು ಎತ್ತಿಕೊಂಡು ಸ್ಟ್ಯಾಂಡಿನ ಅಂಗಡಿ ಅಂಗಡಿ ಕೇಳಿದ. ಅವಳು ಇರಲಿಲ್ಲ. ಕೊನೆಗೆ ಒಂದು ಕೈಯಲ್ಲಿ ಕೂಸು, ಒಂದು ಕೈಯಲ್ಲಿ ಟಿಕೆಟ್ ಪುಸ್ತಕ ಹಿಡಿದು, ನರಸಿಂಹರಾಜಪುರದವರೆಗೆ ಸೀಟಿಯನ್ನು ಬಾಯಲ್ಲೇ ಕಚ್ಚಿಕೊಂಡು ಬಂದ. ಸೀಟಿ ಊದಿದಾಗಲೆಲ್ಲ ಕೂಸು ನಗುತ್ತಿತ್ತು.

ಪೊಲೀಸರಿಗೆ ಬರೆದುಕೊಟ್ಟರು, ಕೋರ್ಟಿಗೂ ಹೋದರು. ಯಾರೂ ಕೇಳಿಕೊಂಡು ಬರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಿಲ್ಲದಿದ್ದ ಅವನ ಹೆಂಡತಿ ಗಂಗಾಂಬಿಕೆ ಹೆಸರಿಡೋಣ ಎಂದಾಗ, ಅಂದಿನವರೆಗೆ 'ಬಸ್ಸಿನ ಮಗು' ಎನ್ನುತ್ತಿದ್ದವರೆಲ್ಲ ಬಸ್ಸಿನ ಹೆಸರನ್ನೇ ಹೇಳಿದರು. ಸೋಮನಾಥ ಆ ದಾರಿಯ ಒಬ್ಬೊಬ್ಬರ ಹತ್ತಿರವೂ ಕೇಳಿಕೊಂಡ: "ದೊಡ್ಡವಳಾದ ಮೇಲೆ ನಾನೇ ಹೇಳ್ತೀನಿ. ಅಲ್ಲಿತನಕ ಯಾರೂ ಹೇಳಬೇಡಿ ಮಾರಾಯ್ರೇ." ಹನ್ನೊಂದು ವರ್ಷ ಯಾರೂ ಹೇಳಲಿಲ್ಲ.

*

ಮಂಗಳಾ ಅಳಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಒಂದು ಹುಳ ಕೊರೆಯತೊಡಗಿತ್ತು. ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನುಗಳನ್ನು ಅಪ್ಪ ಹಿಂದಿನ ಸೀಟಿನ ಕೆಳಗೆ ಒಂದು ಡಬ್ಬದಲ್ಲಿ ಇಡುತ್ತಿದ್ದ. ಕೊಡೆ, ಕನ್ನಡಕ, ಟಿಫಿನ್ ಕ್ಯಾರಿಯರ್. ಯಾರದ್ದೆಂದು ತಿಳಿಯುವವರೆಗೆ ಜೋಪಾನ. ಎರಡು ವರ್ಷದ ಮೇಲೆ ಬಂದು ಕೇಳಿದರೂ ಒರೆಸಿ ಕೊಡುತ್ತಿದ್ದ.

"ಅವಳು ಮತ್ತೆ ಬಂದ್ಲಾ?"

ಅಸಾದುಲ್ಲಾ ಅಮ್ಮನ ಮುಖ ನೋಡಿದ.

"ಬಂದ್ಲು" ಎಂದಳು ಅಮ್ಮ. ಬಸ್ಸಿನ ಮೆಟ್ಟಿಲ ಇನ್ನೊಂದು ಕೊನೆಯಲ್ಲಿ ನಿಧಾನವಾಗಿ ಕುಳಿತಳು. "ನಿನಗೆ ಮೂರು ತುಂಬಿತ್ತು. ಕೊಪ್ಪದ ಸ್ಟ್ಯಾಂಡಲ್ಲಿ ನಿಮ್ಮಪ್ಪನೇ ಗುರುತು ಹಿಡಿದ್ರು. ಅವಳು ಇವರನ್ನ ನೋಡಿರಲಿಲ್ಲ. ಸುಮ್ನೆ ಇದ್ದಿದ್ರೆ ಆಗಿತ್ತು. ಇವರು ಹೋಗಿ, ನಿಮ್ಮ ಮಗು ನಮ್ಮನೇಲಿದೆ, ಬನ್ನಿ ಅಂತ ಕರ್ಕೊಂಡೇ ಬಂದ್ರು. ಆ ದಿನ ನಾನು ನಿಮ್ಮಪ್ಪನ ಮುಖ ನೋಡಲಿಲ್ಲ."

ಮಂಗಳಾಗೆ ಏನೋ ನೆನಪಾಯಿತು. ಹಸಿರು ಬಳೆ. ತನ್ನನ್ನು ಯಾರೋ ಅಡಿಗೆಮನೆಯ ಹೊಸ್ತಿಲ ಮೇಲೆ ಕೂರಿಸಿಕೊಂಡು, ಪಾದವನ್ನು ಅಂಗೈಯಲ್ಲಿ ಹಿಡಿದದ್ದು. ಕಚಗುಳಿಯಾಗಿದ್ದು.

"ಊಟ ಹಾಕಿದೆ. ಎರಡು ಸಲ ಅನ್ನ ಹಾಕಿಸ್ಕೊಂಡು ಉಂಡ್ಲು. ಆಮೇಲೆ ನಿನ್ನ ಎಡಗಾಲು ಎತ್ತಿ ನೋಡಿದ್ಲು. ಹಿಮ್ಮಡಿ ಕೆಳಗೆ ಕಪ್ಪು ಮಚ್ಚೆ ಇದೆಯಲ್ಲ, ಅದನ್ನ. ಬೆರಳಲ್ಲಿ ಮುಟ್ಟಿ ನೋಡಿದ್ಲು. ಕಾಲು ಕೆಳಗಿಟ್ಟು, 'ಇದು ನನ್ನ ಮಗು ಅಲ್ಲ ಅಕ್ಕ' ಅಂದ್ಲು."

ಮನೆಯೊಳಗೆ ಭಜನೆಯವರು ತಾಳ ಹೊಂದಿಸುತ್ತಿದ್ದರು.

"ಸರಿಯಾಗಿ ನೋಡಿ ಅಂತ ನಾನು ಹೇಳಬೇಕಿತ್ತು" ಎಂದಳು ಅಮ್ಮ. "ಹೇಳಲಿಲ್ಲ."

"ನಾನೇ ಅವಳನ್ನ ವಾಪಸ್ ಕೊಪ್ಪಕ್ಕೆ ಬಿಟ್ಟಿದ್ದು" ಎಂದ ಅಸಾದುಲ್ಲಾ. "ದಾರಿಯುದ್ದಕ್ಕೂ ಹಿಂದಿನ ಸೀಟಲ್ಲಿ ಕೂತಿದ್ಲು. ಕನ್ನಡೀಲಿ ಕಾಣ್ತಿತ್ತು ನನಗೆ. ಸೋಮಣ್ಣ ಅವಳ ಹತ್ರ ಟಿಕೆಟ್ ಕೇಳೋಕೂ ಹೋಗಲಿಲ್ಲ."

"ಅಪ್ಪ ಯಾಕೆ ಈ ಬಸ್ ಬಿಡಲಿಲ್ಲ?" ಮಂಗಳಾ ಕೇಳಿದಳು. ಅವಳ ದನಿ ಗಟ್ಟಿಯಾಗಿತ್ತು, ವಿಚಾರಣೆ ಮಾಡುವವರ ದನಿ. "ಶಿವಮೊಗ್ಗ ಲೈನ್ ಕೊಟ್ಟಿದ್ರಲ್ಲ ಹೋದ ವರ್ಷ. ಸಂಬಳ ಜಾಸ್ತಿ ಅಂತ ಅಮ್ಮ ಎಷ್ಟು ಹೇಳಿದ್ಲು. ಅವಳು ಬಂದು ಕೇಳಿದ್ರೆ ವಾಪಸ್ ಕೊಡೋಕಾ? ಕೊಡೆ ಕೊಟ್ಟ ಹಾಗೆ?"

ಅಸಾದುಲ್ಲಾ, ವರ್ಷಗಟ್ಟಲೆ ಸ್ಟೇರಿಂಗ್ ಹಿಡಿದು ಗಟ್ಟಿಯಾದ ತನ್ನ ಅಂಗೈಯನ್ನು ನೋಡಿಕೊಂಡ.

"ನಾನೂ ಕೇಳಿದ್ದೆ. ಇನ್ನೂ ಯಾಕೆ ಈ ದಾರೀಲೇ ಸಾಯ್ತೀಯ ಮಾರಾಯ, ಹೋಗು ಅಂದಿದ್ದೆ. ಅದಕ್ಕೆ, 'ಅವಳಿಗೆ ಸಿಗದ ಹಾಗೆ ಅಡಗಿ ಕೂತ್ರೆ ನಾನು ಕದ್ದ ಹಾಗಾಗ್ತದೆ ಅಸಾದ್. ನಾನು ಕದ್ದಿಲ್ಲ' ಅಂದ."

"ಮತ್ತೆ ಟವೆಲ್ ಯಾಕೆ ಹಾಕ್ತಿದ್ದ? ಕೊಪ್ಪದಲ್ಲಿ?"

ಅವನು ಉತ್ತರಿಸಲು ಹೋಗಿ ಮುಖ ಆಚೆ ತಿರುಗಿಸಿದ.

"ಹೆದರ್ತಿದ್ರು" ಎಂದಳು ಅಮ್ಮ. "ಕೊಡೆಗೆ ಯಾರಾದ್ರೂ ಟವೆಲ್ ಮುಚ್ತಾರಾ?"

*

ಮೂರು ಗಂಟೆಗೆ ಹೊರಟರು. ಹೂವು ಕಟ್ಟಿದ ಬಿದಿರಿನ ಮಂಟಪದಲ್ಲಿ ಅಪ್ಪ ಕುಳಿತೇ ಹೋದ. ಮುಂದೆ ಭಜನೆ, ಹಿಂದೆ ಜನ. ಮಂಗಳಾ ಅಮ್ಮನ ಕೈ ಹಿಡಿದು ನಡೆದಳು. ಅವಳ ಕಣ್ಣು ಮಾತ್ರ ಹೆಂಗಸರ ಮೇಲಿತ್ತು. ಮೂವತ್ತರ ಆಸುಪಾಸಿನವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. ನೀಲಿ ಸೀರೆಯವಳು ಯಾಕೆ ಅಷ್ಟು ಅಳುತ್ತಿದ್ದಾಳೆ? ಬೇಲಿಯ ಹತ್ತಿರ ಒಬ್ಬಳೇ ನಿಂತವಳು ಯಾರು? ತನ್ನನ್ನೇ ನೋಡಿದಳೇ? ನೀಲಿ ಸೀರೆಯವಳು ಬಂದು ಅವಳ ಗಲ್ಲ ಸವರಿ, "ನನ್ನ ಮಗಳ ಫೀಸು ಕಟ್ಟೋ ದಿನ ಟಿಕೆಟ್ಟಿಗೆ ಚಿಲ್ಲರೆ ಇಲ್ಲದಿದ್ರೂ ಕರ್ಕೊಂಡು ಹೋಗಿದ್ರು ನಿಮ್ಮಪ್ಪ" ಎಂದಳು. ಬೇಲಿಯ ಹತ್ತಿರದವಳು ಅಸಾದುಲ್ಲಾನ ಹೆಂಡತಿ ಶಕೀಲಾ. ಮುಸುಕು ಸರಿಸಿದಾಗ ಗುರುತಾಯಿತು.

ರುದ್ರಭೂಮಿ ಭದ್ರೆಯ ಹಿನ್ನೀರಿನ ದಂಡೆಯಲ್ಲಿತ್ತು. ಕೆಮ್ಮಣ್ಣಿನ ಗುಂಡಿ. ಅದರೊಳಗೆ ಅಪ್ಪನನ್ನು ಇಳಿಸಿ, ಕೂರಿಸಿ, ಎಡ ಅಂಗೈಯಲ್ಲಿ ಅವನ ಇಷ್ಟಲಿಂಗವಿಟ್ಟು, ಅಯ್ಯನವರು ಮಂತ್ರ ಹೇಳಿದರು. ವಿಭೂತಿ, ಬಿಲ್ವಪತ್ರೆ, ಉಪ್ಪು ಬಿದ್ದವು. ಎದೆಯವರೆಗೆ ತುಂಬಿದ ಮೇಲೆ ಅಯ್ಯನವರು ತಲೆಯೆತ್ತಿ, "ಮಕ್ಕಳು ಯಾರು? ಮಣ್ಣು ಹಾಕಲಿ" ಎಂದರು.

ದೊಡ್ಡಪ್ಪ ಮಗನ ಬೆನ್ನು ಮುಟ್ಟಿದರು. ಕಾಂತೇಶ ಒಂದು ಹೆಜ್ಜೆ ಮುಂದಿಟ್ಟು, ಮಂಗಳಾಳನ್ನು ನೋಡಿ, ಅಲ್ಲೇ ನಿಂತ.

"ಹಾಕೋ" ಎಂದರು ದೊಡ್ಡಪ್ಪ.

"ಚಿಕ್ಕಪ್ಪನ ಮಗಳಿದ್ದಾಳಲ್ಲಪ್ಪ."

"ಕಾಂತೇಶ."

ಇಡೀ ದಾರಿಯ ಜನ ಅಲ್ಲಿ ನಿಂತಿದ್ದರು. ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದವರು ಈಗಲೂ ಬಾಯಿ ಬಿಡಲಿಲ್ಲ. ಅಮ್ಮ ಮಂಗಳಾಳ ಕೈ ಬಿಟ್ಟಳು.

ಮಂಗಳಾ ಗುಂಡಿಯ ಅಂಚಿಗೆ ಹೋಗಿ ಬಗ್ಗಿದಳು. ಅಪ್ಪನ ಮುಖ ಈಗ ಅವಳಿಗಿಂತ ಕೆಳಗಿತ್ತು. ವಿಭೂತಿಯೊಳಗೆ ಅವನ ಕಣ್ಣು ಮುಚ್ಚಿತ್ತು. ದೊಡ್ಡವಳಾದ ಮೇಲೆ ನಾನೇ ಹೇಳುತ್ತೇನೆ ಎಂದಿದ್ದನಂತೆ. ಎಷ್ಟು ದೊಡ್ಡವಳಾದ ಮೇಲೆ? ಇನ್ನೂ ಏನಾದರೂ ಬಚ್ಚಿಟ್ಟಿದ್ದಾನೆಯೇ ಎಂಬಂತೆ ಅವಳು ಆ ಮುಖವನ್ನು ದಿಟ್ಟಿಸಿ ನೋಡಿದಳು. ಆಮೇಲೆ ಪಕ್ಕದ ರಾಶಿಯಿಂದ ಒಂದು ಹಿಡಿ ಮಣ್ಣು ತೆಗೆದು, ಮುಖಕ್ಕೆ ಬೀಳದ ಹಾಗೆ, ಹೆಗಲ ಹತ್ತಿರ ಹಾಕಿದಳು.

"ಒಂದು ಕೈಯಲ್ಲಿ ಅಲ್ಲ."

ದೊಡ್ಡಪ್ಪನ ದನಿ. ಜನ ಮಿಸುಕಾಡಿದರು. ಅಸಾದುಲ್ಲಾ ಹಿಂದಿನಿಂದ ಒಂದು ಹೆಜ್ಜೆ ಮುಂದೆ ಬಂದ.

"ಎರಡೂ ಕೈ ಸೇರಿಸಿ ಹಾಕಬೇಕು" ಎಂದರು ದೊಡ್ಡಪ್ಪ. ಬೈಯುತ್ತಿದ್ದಾರೋ ಹೇಳಿಕೊಡುತ್ತಿದ್ದಾರೋ ತಿಳಿಯದ ದನಿ. "ಮೂರು ಸಲ. ಅವನ ಮೇಲಿಂದ ಕಣ್ಣು ತೆಗೀದೆ."

ಅವಳು ಎರಡೂ ಕೈ ಸೇರಿಸಿದಳು. ಮೂರನೆಯ ಸಲಕ್ಕೆ ಅರ್ಧ ಮಣ್ಣು ಅವಳ ಲಂಗದ ಮೇಲೇ ಬಿತ್ತು. ಅಷ್ಟು ಹೊತ್ತಿನ ಅಳು ಆಗ ಬಂತು.

ಮನೆಗೆ ಬಂದಾಗ ಗೇಟಿನಲ್ಲಿ ಯಾರೋ ಹಂಡೆ ನೀರಿಟ್ಟಿದ್ದರು. ಒಬ್ಬೊಬ್ಬರಾಗಿ ಕೈಕಾಲು ತೊಳೆದು ಒಳಗೆ ಹೋಗುತ್ತಿದ್ದರು. ಮಂಗಳಾ ಎಲ್ಲರೂ ಹೋಗಲಿ ಎಂದು ಬೇಲಿಗೆ ಒತ್ತಿ ನಿಂತಿದ್ದಳು. ಹಂಡೆಯ ಹತ್ತಿರ ದೊಡ್ಡಪ್ಪ ಒಬ್ಬರೇ ಉಳಿದರು. ಚೊಂಬು ಮುಳುಗಿಸಿ ನೀರು ತುಂಬಿಕೊಂಡು, ಅವಳ ಕಡೆ ನೋಡದೆ, ಚೊಂಬನ್ನು ಬಗ್ಗಿಸಿ ಹಿಡಿದು ನಿಂತರು.

ಅವಳು ಅವರ ಮುಖವನ್ನೇ ನೋಡುತ್ತ ಹತ್ತಿರ ಬಂದು, ಸ್ವಲ್ಪ ತಡೆದು, ಕೈ ಚಾಚಿದಳು. ನೀರು ಬಿತ್ತು. ಉಗುರುಸಂದಿಯ ಕೆಮ್ಮಣ್ಣು ಹೋಗಲಿಲ್ಲ. ದೊಡ್ಡಪ್ಪ ಚೊಂಬು ಕೆಳಗಿಟ್ಟು, ಅವಳ ಬೆರಳುಗಳನ್ನು ಹಿಡಿದು, ತಮ್ಮ ಹೆಬ್ಬೆರಳಿನಿಂದ ಒಂದೊಂದೇ ಉಗುರನ್ನು ಉಜ್ಜತೊಡಗಿದರು.